ಸೊಸೆ ಕಲ್ಲು ಯಾಕೆ ನಡೆಯುತ್ತದೆ ಅಂತ ಕಥೆಯಲ್ಲಿ ಹೇಳಲೇಬೇಕಾ?

ಮಂಡಿಲೆಕ್ಕ (ಹಾಸನ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು. ಎಪಿಎಂಸಿಯಲ್ಲಿ ಒಂದು ಆಲೂಗಡ್ಡೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೇ ತಿಂಗಳಲ್ಲಿ ಪಂಜಾಬಿನಿಂದ ಬಿತ್ತನೆ ಆಲೂಗಡ್ಡೆ ಬಂದಾಗ ಊಟಕ್ಕೂ ಪುರುಸೊತ್ತು ಸಿಗುವುದಿಲ್ಲ. ಉಳಿದ ದಿನಗಳಲ್ಲಿ ರಾತ್ರಿ ಒಂಬತ್ತರ ಮೇಲೆ, ಮಗ ಮಲಗಿದ ಮೇಲೆ, ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತೇನೆ. ಎರಡು ವರ್ಷದಿಂದ ಒಂದೇ ಕಾದಂಬರಿ. ಫ್ಯಾಂಟಸಿ. ಈಗ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಕಥೆಯ ಬೀಜ ನಮ್ಮೂರಿನದೇ. ಹಾಸನಾಂಬ ದೇವಸ್ಥಾನದ ಸೊಸೆ ಕಲ್ಲು. ಹೊರಗಿನವರಿಗಾಗಿ ಸ್ವಲ್ಪ ಹೇಳುತ್ತೇನೆ. ಈ ದೇವಸ್ಥಾನದ ಬಾಗಿಲು ವರ್ಷಕ್ಕೆ ಒಂದೇ ಸಲ ತೆರೆಯುತ್ತದೆ. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಳೆಕಂದು ಕಡಿದು ತೆರೆದರೆ, ದೀಪಾವಳಿ ಮುಗಿಯುವ ಹೊತ್ತಿಗೆ ಮುಚ್ಚುತ್ತಾರೆ. ಮುಚ್ಚುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷದವರೆಗೂ ಆರುವುದಿಲ್ಲ, ಹೂವು ಬಾಡುವುದಿಲ್ಲ ಅಂತ ನಮ್ಮ ಕಡೆ ನಂಬಿಕೆ. ದೇವಿ ಇರುವುದು ಹುತ್ತದ ರೂಪದಲ್ಲಿ.

ಸೊಸೆಯ ಕಥೆ ನಮ್ಮಜ್ಜಿ ಹೇಳುತ್ತಿದ್ದ ಹಾಗೆ ಹೇಳುತ್ತೇನೆ. ಒಬ್ಬ ಸೊಸೆ ದಿನಾ ಹಾಸನಾಂಬೆಯನ್ನು ನೋಡಲು ಬರುತ್ತಿದ್ದಳು. ಮನೆಗೆಲಸ ಬಿಟ್ಟು ಎಲ್ಲಿಗೆ ಹೋಗುತ್ತಾಳೆ ಅಂತ ಅತ್ತೆ ಒಂದು ದಿನ ಹಿಂದೆಯೇ ಬಂದಳು. ಕೈ ಮುಗಿದು ಕೂತಿದ್ದವಳ ತಲೆಗೆ ಅಲ್ಲೇ ಇದ್ದ ಬಟ್ಟಲಿನಿಂದ ಕುಟ್ಟಿದಳು. ನೋವು ತಾಳಲಾರದೆ ಸೊಸೆ ‘ಅಮ್ಮಾ’ ಅಂದಳು. ದೇವಿ ಅವಳನ್ನು ಕಲ್ಲು ಮಾಡಿ ತನ್ನ ಹತ್ತಿರವೇ ಇಟ್ಟುಕೊಂಡಳು. ಆ ಕಲ್ಲು ವರ್ಷಕ್ಕೆ ಒಂದು ಭತ್ತದ ಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ. ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ.

ಚಿಕ್ಕಂದಿನಲ್ಲಿ ಅಜ್ಜಿಯ ಸೆರಗು ಹಿಡಿದು ಸಾಲಿನಲ್ಲಿ ನಿಂತಿದ್ದು ನೆನಪಿದೆ. ಐದು ಗಂಟೆ ನಿಂತರೆ ಒಳಗೆ ಒಂದು ಕ್ಷಣ. ‘ಮುಂದೆ ಹೋಗಿ, ಮುಂದೆ ಹೋಗಿ’ ಅನ್ನುತ್ತಾರೆ. ಕಲ್ಲನ್ನು ಸರಿಯಾಗಿ ನೋಡಲು ಆಗಲೇ ಇಲ್ಲ. ಮನೆಗೆ ಬಂದ ಮೇಲೆ ನನಗೆ ಒಂದೇ ಯೋಚನೆ. ಬಾಗಿಲು ಮುಚ್ಚಿದ ಮೇಲೆ ಅವಳು ಕತ್ತಲಲ್ಲಿ ಏನು ಮಾಡುತ್ತಾಳೆ?

ನನ್ನ ಕಾದಂಬರಿಯನ್ನು ಆ ಸೊಸೆಯೇ ಹೇಳುತ್ತಾಳೆ. ಒಂದು ಕಾಳಿನಷ್ಟು ಸರಿಯಲು ಅವಳು ಪ್ರತಿ ವರ್ಷ ತನ್ನ ಒಂದು ನೆನಪು ಕೊಡಬೇಕು. ಅದು ನಾನು ಸೇರಿಸಿದ್ದು, ಅಜ್ಜಿ ಹೇಳಿದ್ದಲ್ಲ. ಮೊದಲ ಅಧ್ಯಾಯ ಹೀಗೆ ಶುರುವಾಗುತ್ತದೆ:

‘ಬಾಳೆಕಂದು ಕಡಿದ ಹಸಿ ವಾಸನೆ ಬಂತು. ಬಾಗಿಲು ತೆರೆಯುತ್ತಿದ್ದಾರೆ. ವರ್ಷ ಕಳೆಯಿತು. ಈ ಸಲ ಏನು ಕೊಡಲಿ ಅಂತ ಹುಡುಕಿದೆ. ತವರಿನ ಹಿತ್ತಲಲ್ಲಿ ಒಂದು ಹೀರೆ ಬಳ್ಳಿ ಇತ್ತು. ಅದರ ಹೂವಿನ ಬಣ್ಣ ಕೊಟ್ಟೆ. ಒಂದು ಕಾಳು ಸರಿದೆ. ಈಗ ಬಳ್ಳಿ ಇದೆ, ಹೂವಿದೆ, ಬಣ್ಣ ಇಲ್ಲ.’

ಓದಿದವರಿಗೆ ಇದು ಹಿಡಿಸಿತು. ಕಷ್ಟ ಶುರುವಾಗಿದ್ದು ಆಮೇಲೆ. ನನ್ನ ಗೆಳತಿ ಒಬ್ಬಳು ಬೆಂಗಳೂರಿನಲ್ಲಿದ್ದಾಳೆ, ಇಂಗ್ಲಿಷ್ ಫ್ಯಾಂಟಸಿ ಜಾಸ್ತಿ ಓದುತ್ತಾಳೆ. ‘ಕಲ್ಲು ಯಾಕೆ ಸರಿಯುತ್ತದೆ? ಆ ಶಕ್ತಿ ಎಲ್ಲಿಂದ ಬರುತ್ತದೆ? ಮ್ಯಾಜಿಕ್ ಸಿಸ್ಟಮ್ ಇಲ್ಲದಿದ್ದರೆ ಈಗಿನ ಓದುಗರು ಒಪ್ಪುವುದಿಲ್ಲ’ ಅಂದಳು. ಅವಳು ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆಮೇಲೆ ದುಡ್ಡು ಕಟ್ಟಿ ಒಂದು ಆನ್‌ಲೈನ್ ಬರವಣಿಗೆ ತರಗತಿಗೂ ಸೇರಿದೆ. ಅಲ್ಲಿ ಕಲಿಸುವವರು ಇನ್ನೂ ಮುಂದೆ ಹೋದರು. ಊರಿನ ಹೆಸರು ಬದಲಿಸಿ, ಬಾಳೆಕಂದು ಯಾರಿಗೂ ಅರ್ಥವಾಗುವುದಿಲ್ಲ, ಒಬ್ಬ ಮಂತ್ರವಾದಿ ಗುರು ಬೇಕು ಅಂದರು. ನಾನು ಕೇಳಿದೆ. ನಾಲ್ಕನೇ ಅಧ್ಯಾಯದಲ್ಲಿ ಹನ್ನೆರಡು ಪುಟ ಬರೆದೆ. ಭೂಮಿಯ ಒಳಗಿನ ಶಕ್ತಿ, ಏಳು ಹರಳು, ಒಬ್ಬ ಮುನಿ ಬಂದು ಎಲ್ಲವನ್ನೂ ವಿವರಿಸುವುದು. ಬರೆದು ಮುಗಿಸಿ ಓದಿದರೆ ನನ್ನ ಸೊಸೆ ಅಲ್ಲಿ ಇರಲೇ ಇಲ್ಲ. ಎರಡು ತಿಂಗಳಿಂದ ಫೈಲ್ ತೆರೆದಿಲ್ಲ.

ಹಾಗಾದರೆ ಕಾರಣ ಹೇಳಲೇಬೇಕಾ? ಹೇಳದಿದ್ದರೆ ಓದುಗರಿಗೆ ಮೋಸ ಮಾಡಿದ ಹಾಗೆ ಆಗುತ್ತದಾ? ಇನ್ನೊಂದು ವಿಷಯ ಇದಕ್ಕಿಂತ ಭಾರ. ಇದು ಜನ ಈಗಲೂ ಕೈ ಮುಗಿಯುವ ಜಾಗ. ನಮ್ಮಮ್ಮ ‘ದೇವರ ವಿಷಯ, ಜೋಪಾನ’ ಅಂತ ಒಂದೇ ಮಾತು ಹೇಳಿ ಸುಮ್ಮನಾದರು. ಬರೆದವರು, ಓದಿದವರು ದಯವಿಟ್ಟು ಹೇಳಿ.

ತೋಟದಂಚು (ಮೂಡಿಗೆರೆ) ಉತ್ತರ:

ಅಕ್ಕ, ಆ ಹನ್ನೆರಡು ಪುಟ ತೆಗೆದುಬಿಡಿ. ನಿಯಮ ನಿಮ್ಮ ಮೊದಲ ಪ್ಯಾರಾದಲ್ಲೇ ಇದೆ. ‘ಬಣ್ಣ ಕೊಟ್ಟೆ, ಒಂದು ಕಾಳು ಸರಿದೆ.’ ಇನ್ನೇನು ಬೇಕು?

ನಮ್ಮ ಕಥೆಗಳು ‘ಯಾಕೆ’ ಹೇಳುವುದಿಲ್ಲ. ‘ಎಷ್ಟು’, ‘ಹೇಗೆ’ ಅಂತ ಮಾತ್ರ ಬಹಳ ಕಟ್ಟುನಿಟ್ಟಾಗಿ ಹೇಳುತ್ತವೆ. ಹುಡುಗಿ ಹೂವಿನ ಮರವಾಗುವ ಕಥೆ ನಿಮಗೆ ಗೊತ್ತೇ ಇರುತ್ತದೆ. ಎ.ಕೆ. ರಾಮಾನುಜನ್ ಕನ್ನಡದಲ್ಲಿ ಸಂಗ್ರಹಿಸಿದ ಕಥೆಗಳಲ್ಲಿ ಅದೂ ಒಂದು. ಅವಳಿಗೆ ಆ ಶಕ್ತಿ ಎಲ್ಲಿಂದ ಬಂತು ಅಂತ ಕಥೆ ಹೇಳುವುದೇ ಇಲ್ಲ. ಆದರೆ ಎರಡು ಕೊಡ ನೀರು ಬೇಕು. ನೀರಿಗೆ ಉಗುರು ತಾಗಬಾರದು. ಒಂದು ಕೊಡ ಸುರಿದರೆ ಮರ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ಹೂವು ಕೀಳುವಾಗ ಕೊಂಬೆ ಮುರಿಯಬಾರದು. ನಾದಿನಿ ಹಟ ಹಿಡಿದು ಮರ ಮಾಡಿಸಿ, ಕೊಂಬೆ ಮುರಿದು, ನೀರನ್ನು ಅರೆಬರೆ ಚೆಲ್ಲಿ ಹೋಗುತ್ತಾಳೆ. ಹುಡುಗಿ ಕೈಕಾಲಿಲ್ಲದ ಅರ್ಧ ದೇಹವಾಗಿ ಉಳಿಯುತ್ತಾಳೆ. ಕೊನೆಗೆ ಗಂಡ ಏನು ಮಾಡುತ್ತಾನೆ ನೋಡಿ. ಮೊದಲು ಮುರಿದ ಕೊಂಬೆಗಳನ್ನು ಸರಿಯಾಗಿ ಕೂರಿಸುತ್ತಾನೆ, ಆಮೇಲೆ ನೀರು ಸುರಿಯುತ್ತಾನೆ. ಸಣ್ಣವನಿದ್ದಾಗ ಆ ಜಾಗಕ್ಕೆ ಬಂದರೆ ನಾನು ಉಸಿರು ಬಿಗಿಹಿಡಿದು ಕೇಳುತ್ತಿದ್ದೆ. ನೀರಿಗೆ ಯಾವ ಶಕ್ತಿ ಅಂತ ಒಮ್ಮೆಯೂ ಕೇಳಬೇಕು ಅನ್ನಿಸಲಿಲ್ಲ. ಕೊಂಬೆ ಎಲ್ಲ ಸರಿಯಾಗಿ ಕೂತಿತಾ ಅನ್ನುವುದೊಂದೇ ಚಿಂತೆ.

ನಮ್ಮ ತೋಟದಿಂದ ಅಂಗಡಿ ಊರು ಬೈಕಿನಲ್ಲಿ ಸ್ವಲ್ಪ ದೂರ. ಹಳೆಯ ಸೊಸೆವೂರು ಅದೇ. ವಾಸಂತಿಕಾ ದೇವಿಯ ಗುಡಿ ಇದೆ. ಸಳ ಹುಲಿ ಹೊಡೆದಿದ್ದು ಅಲ್ಲೇ ಅಂತ ಹೇಳುತ್ತಾರೆ. ಮುನಿ ‘ಹೊಯ್ ಸಳ’ ಅಂದರು, ಇವನು ಹೊಯ್ದ, ಒಂದು ರಾಜವಂಶ ಹುಟ್ಟಿತು. ಹಳೆಯ ಶಾಸನಗಳಲ್ಲಿ ಹೆಸರು ‘ಪೊಯ್ಸಳ’ ಅಂತ ಇದೆ, ಕಥೆ ಆಮೇಲೆ ಕಟ್ಟಿದ್ದು ಅಂತ ಓದಿದವರು ಹೇಳುತ್ತಾರೆ. ಇರಲಿ. ಆ ಎರಡು ಪದದ ಕಥೆ ಇವತ್ತಿಗೂ ಬೇಲೂರಿನ ಬಾಗಿಲಲ್ಲಿ ಕಲ್ಲಾಗಿ ನಿಂತಿದೆ.

ಊರಿನ ಹೆಸರು ಮಾತ್ರ ಬದಲಿಸಬೇಡಿ ಅಕ್ಕ. ಬಾಳೆಕಂದಿನ ವಾಸನೆ ಗೊತ್ತಿಲ್ಲದವರು ನಿಮ್ಮ ಪುಸ್ತಕ ಓದಿ ತಿಳಿದುಕೊಳ್ಳಲಿ.

ರಾತ್ರಿಪಾಳಿ (ಚಿಕ್ಕಮಗಳೂರು) ಉತ್ತರ:

ಮೇಲಿನವರು ಹೇಳಿದ್ದಕ್ಕೆ ನನ್ನದು ಅರ್ಧ ಒಪ್ಪಿಗೆ. ಅಜ್ಜಿ ಹೇಳುವ ಕಥೆ ಹತ್ತು ನಿಮಿಷದ್ದು. ಕಾದಂಬರಿ ಮುನ್ನೂರು ಪುಟ. ಅಷ್ಟು ಹೊತ್ತು ಓದುಗರನ್ನು ಹಿಡಿಯಬೇಕಾದರೆ ಲೆಕ್ಕ ತಪ್ಪಬಾರದು. ಕಾರಣ ಬೇಡ, ಸರಿ. ಆದರೆ ಲೆಕ್ಕವನ್ನು ನೀವು ಕೊನೆಯವರೆಗೂ ಹಾಕಿದ್ದೀರಾ?

ನಾನು ಹಾಕಿ ನೋಡಿದೆ. ಮನೆಯಲ್ಲಿ ಭತ್ತ ಇತ್ತು. ಹತ್ತು ಕಾಳು ಸ್ಕೇಲಿನ ಪಕ್ಕ ಉದ್ದುದ್ದಕ್ಕೆ ಜೋಡಿಸಿದೆ. ಸುಮಾರು 8 ಸೆಂಟಿಮೀಟರ್ ಬಂತು. ಅಂದರೆ ಒಂದು ಮೀಟರ್ ಸರಿಯಲು 125 ವರ್ಷ. ನಿಮ್ಮ ಕಥೆಯಲ್ಲಿ ಕಲ್ಲಿಗೂ ದೇವಿಗೂ ನಡುವೆ ಮೂರು ಮೀಟರ್ ಇದೆ ಅಂತ ಇಟ್ಟುಕೊಂಡರೆ 375 ವರ್ಷ. ಎಳ್ಳು ಜೋಡಿಸಿದರೆ ಹತ್ತು ಕಾಳಿಗೆ 3 ಸೆಂಟಿಮೀಟರ್. ಅದೇ ಮೂರು ಮೀಟರಿಗೆ ಸಾವಿರ ವರ್ಷ! ಯಾವ ಕಾಳು ಆರಿಸುತ್ತೀರೋ ಅದರ ಮೇಲೆ ನಿಮ್ಮ ಕಾದಂಬರಿ ಎಷ್ಟು ಕಾಲ ನೋಡುತ್ತದೆ ಅನ್ನುವುದು ನಿಂತಿದೆ. ಭತ್ತ ಆದರೆ ಅವಳು ಹೈದರಾಲಿ, ಟಿಪ್ಪು, ಬ್ರಿಟಿಷರು, ರೈಲು, ಕರೆಂಟು ಎಲ್ಲ ದಾಟಿ ಬರಬೇಕು. ಎಳ್ಳು ಆದರೆ ಅವಳು ಕಲ್ಲಾದಾಗ ಬೇಲೂರಿನ ದೇವಸ್ಥಾನವೇ ಇರಲಿಲ್ಲ, ಅದು 1117ರದ್ದು.

ಇನ್ನೊಂದು ತೊಡಕು ಇದೆ, ಅದನ್ನು ಹೇಳಲೇಬೇಕು. ಅವಳಿಗೆ ವಯಸ್ಸು ಎಷ್ಟು? ಆ ಕಾಲದ ಸೊಸೆ ಅಂದರೆ ಹದಿನಾರೋ ಹದಿನೇಳೋ. ಅಷ್ಟು ಚಿಕ್ಕ ಹುಡುಗಿಯ ಹತ್ತಿರ 375 ನೆನಪು ಇರುತ್ತದಾ? ಇದ್ದರೂ ಒಂದು ದಿನ ಮುಗಿಯುತ್ತದೆ. ಮುಗಿದ ವರ್ಷ ಅವಳು ಏನು ಕೊಡುತ್ತಾಳೆ? ನಿಮ್ಮ ಕಾದಂಬರಿಯ ನಡುಭಾಗ ಅದೇ ಅಂತ ನನಗೆ ಅನ್ನಿಸುತ್ತದೆ. ಏಳು ಹರಳು ಅಲ್ಲ.

ಬೇಲೂರು ಟೀಚರ್ ಉತ್ತರ:

ಮಗಳೇ, ನಾನು ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ನಿನ್ನ ಹೀರೆ ಹೂವಿನ ಸಾಲು ಓದಿ ಫೋನ್ ಕೆಳಗಿಟ್ಟೆ. ಸ್ವಲ್ಪ ಹೊತ್ತು ಬೇಕಾಯಿತು.

ಕಥೆ ಬದಲಿಸಿದರೆ ತಪ್ಪಾ ಅಂತ ಹೆದರಬೇಡ. ಹೇಳಿದವರೆಲ್ಲ ಬದಲಿಸಿದವರೇ. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಮೊದಲ ಪುಸ್ತಕ ತಂದಾಗ ಹಿಮಬಿಳಿ ಹುಡುಗಿಗೆ (ಸ್ನೋ ವೈಟ್) ವಿಷ ಹಾಕಿದವಳು ಹೆತ್ತ ತಾಯಿ. ಮುಂದಿನ ಮುದ್ರಣಗಳಲ್ಲಿ ಅವಳನ್ನು ಮಲತಾಯಿ ಮಾಡಿದರು. ಹೆತ್ತವಳು ಹಾಗೆ ಮಾಡುತ್ತಾಳೆ ಅಂತ ಬರೆಯಲು ಅವರಿಗೆ ಮನಸ್ಸು ಬರಲಿಲ್ಲ. ಈಗ ಲೋಕವೆಲ್ಲ ಮಲತಾಯಿ ಕಥೆಯನ್ನೇ ಮೂಲ ಅಂದುಕೊಂಡಿದೆ. ಯಾರನ್ನು ಕೆಟ್ಟವಳು ಮಾಡುತ್ತೇವೆ ಅನ್ನುವುದು ಹೇಳುವವರ ಕೈಯಲ್ಲಿದೆ.

ಅದಕ್ಕೇ ಒಂದು ಮಾತು ಕೇಳುತ್ತೇನೆ. ಅತ್ತೆ ಏನಾದಳು? ಕಥೆಯಲ್ಲಿ ಅವಳು ಬಟ್ಟಲು ಎತ್ತಿದ್ದಷ್ಟೇ. ಕಣ್ಣೆದುರಿಗೆ ಸೊಸೆ ಕಲ್ಲಾದಳು. ಇವಳು ಮನೆಗೆ ಹೋದಳಾ? ಸಂಜೆ ಮಗ ಬಂದು ‘ಇವಳೆಲ್ಲಿ’ ಅಂದಾಗ ಏನು ಹೇಳಿದಳು? ಆ ಬಟ್ಟಲನ್ನು ಏನು ಮಾಡಿದಳು? ಅವಳೂ ಒಂದು ಕಾಲದಲ್ಲಿ ಆ ಮನೆಗೆ ಸೊಸೆಯಾಗಿ ಬಂದವಳೇ. ಹೆಂಗಸರು ಹೇಳುವ ಕಥೆಗಳು ಮದುವೆಯಲ್ಲಿ ಮುಗಿಯುವುದಿಲ್ಲ, ಹೆಚ್ಚಿನವು ಮದುವೆಯಾದ ಮೇಲೆ ಶುರುವಾಗುತ್ತವೆ ಅಂತ ರಾಮಾನುಜನ್ ಕೂಡ ಗಮನಿಸಿದ್ದರು. ರಾಗಿ ಬೀಸುತ್ತಾ, ಮಗುವಿಗೆ ಎಣ್ಣೆ ಹಚ್ಚುತ್ತಾ ಹೇಳಿದ ಕಥೆಗಳು ಅವು. ಹೇಳುವವಳೂ ಸೊಸೆ, ಕೇಳುವವಳೂ ಸೊಸೆ. ಪಕ್ಕದ ಕೋಣೆಯಲ್ಲಿ ಅತ್ತೆ ಇರುತ್ತಿದ್ದಳು. ನಿನ್ನಜ್ಜಿ ಈ ಕಥೆ ಹೇಳುವಾಗ ಅತ್ತೆಯನ್ನು ಬೈಯುತ್ತಿದ್ದರಾ, ಸುಮ್ಮನೆ ದಾಟಿ ಹೋಗುತ್ತಿದ್ದರಾ? ನೆನಪು ಮಾಡಿಕೊ.

ಬಳಕೆಯ ವಿಷಯ ಒಂದು. ಬಾಯಿಂದ ಬಾಯಿಗೆ ಬಂದ ಕಥೆ ಎಲ್ಲರದ್ದು. ಆದರೆ ಯಾರೋ ಸಂಗ್ರಹಿಸಿ ಬರೆದ ಪುಸ್ತಕದ ವಾಕ್ಯಗಳು ಅವರದ್ದು. ನಮ್ಮ ದೇಶದ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ರಾಮಾನುಜನ್ ಹೋಗಿದ್ದು 1993ರಲ್ಲಿ, ಹಾಗಾಗಿ ಅವರ ಬರಹಕ್ಕೆ 2053ರ ಕೊನೆಯವರೆಗೆ. ನಮ್ಮ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರೂ ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿದವರು. ಅವರು ಹೋಗಿದ್ದು 1991ರಲ್ಲಿ. ಕಥೆ ತೆಗೆದುಕೊ, ಮಾತು ನಿನ್ನದಿರಲಿ. ನಿನಗೆ ಅಜ್ಜಿಯ ಬಾಯಿಂದಲೇ ಬಂದಿದೆ, ಆ ಚಿಂತೆಯೇ ಇಲ್ಲ. ಪುಸ್ತಕದ ಮೊದಲ ಪುಟದಲ್ಲಿ ಅವರ ಹೆಸರು ಬರೆ.

ಹಾಸನದ ಮಗಳು ಉತ್ತರ:

ನಾನು ಪ್ರತಿ ವರ್ಷ ಹೋಗುವವಳು. ತಾಯಿಯನ್ನು ನಂಬುವವಳು. ನಿಮ್ಮ ಪ್ರಶ್ನೆಯ ಮೊದಲ ಸಾಲು ನೋಡಿ ಮನಸ್ಸಿಗೆ ಕಸಿವಿಸಿ ಆಯಿತು. ಪೂರ್ತಿ ಓದಿದ ಮೇಲೆ ಸಮಾಧಾನ ಆಯಿತು. ನನ್ನದು ಒಂದೇ ಕೋರಿಕೆ. ತಾಯಿಯ ಬಾಯಿಗೆ ಮಾತು ಹಾಕಬೇಡಿ. ಅವಳನ್ನು ಒಂದು ಪಾತ್ರ ಮಾಡಿ ಸಿಟ್ಟು, ಅಸೂಯೆ ಎಲ್ಲ ಕೊಡಬೇಡಿ. ನಮಗೂ ಅವಳು ಮಾತಾಡುವುದಿಲ್ಲ. ಹೋಗಿ ನಿಲ್ಲುತ್ತೇವೆ, ಹೇಳಿಕೊಳ್ಳುತ್ತೇವೆ, ಬರುತ್ತೇವೆ. ಸೊಸೆಗೂ ಹಾಗೇ ಇರಲಿ.

ಮಂಡಿಲೆಕ್ಕ ಮತ್ತೆ ಬರೆದದ್ದು:

ಒಂಬತ್ತು ದಿನ ಆಯಿತು, ಉತ್ತರ ಕೊಡಲು ತಡವಾಯಿತು. ಈ ಒಂಬತ್ತು ದಿನವೂ ಬರೆದಿದ್ದೇನೆ. ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ.

ಹನ್ನೆರಡು ಪುಟ ತೆಗೆದೆ. ಮುನಿ ಹೋದರು, ಹರಳು ಹೋಯಿತು. ಊರು ಹಾಸನವೇ.

ಮಂಡಿಯಲ್ಲಿ ನಾನು ದಿನಾ ಮಾಡುವ ಕೆಲಸ ಇದೇ ಅಲ್ವಾ ಅಂತ ಈಗ ಹೊಳೆಯಿತು. ಎಷ್ಟು ಮೂಟೆ ಬಂತು, ಎಷ್ಟು ತೂಗಿತು, ಎಷ್ಟು ಕೊಟ್ಟೆವು. ರೈತರು ಚೀಟಿ ತೆಗೆದುಕೊಂಡು ಎರಡು ಸಲ ಓದುತ್ತಾರೆ. ಬೆಲೆ ಯಾಕೆ ಬಿತ್ತು ಅಂತ ನನಗೂ ಗೊತ್ತಿರುವುದಿಲ್ಲ, ಅವರಿಗೂ ಗೊತ್ತಿರುವುದಿಲ್ಲ. ಆದರೆ ತೂಕದಲ್ಲಿ ಅರ್ಧ ಕೆಜಿ ತಪ್ಪಿದರೆ ಯಾರೂ ಬಿಡುವುದಿಲ್ಲ. ಹಾಗೇ ಒಂದು ಉದ್ದ ನೋಟ್‌ಬುಕ್ ತೆಗೆದು ಸೊಸೆಯ ಲೆಕ್ಕ ಬರೆಯಲು ಶುರು ಮಾಡಿದೆ. ಎಡಗಡೆ ವರ್ಷ, ಬಲಗಡೆ ಅವಳು ಕೊಟ್ಟಿದ್ದು. ಅಪ್ಪನ ಕೆಮ್ಮು. ಮೊದಲ ಸಲ ಹೊಳೆಯಲ್ಲಿ ಮುಳುಗಿ ಎದ್ದಿದ್ದು. ತಂಗಿಯ ಜಡೆಯ ತೂಕ. ರಾಗಿ ಹುರಿಯುವ ವಾಸನೆ ಕೊಡಲು ಅವಳಿಗೆ ಮನಸ್ಸೇ ಬರಲಿಲ್ಲ, ಆ ವರ್ಷ ಅವಳು ಸರಿಯಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ಲೆಕ್ಕದಲ್ಲಿ ಆ ಸಾಲು ಖಾಲಿ ಬಿಟ್ಟಿದ್ದೇನೆ.

ರಾತ್ರಿಪಾಳಿಯವರೇ, ನೀವು ಹೇಳಿದ್ದು ನಿಜ. ನೆನಪು ಮುಗಿಯುತ್ತದೆ. ನನ್ನ ಲೆಕ್ಕದಲ್ಲಿ 212ನೇ ವರ್ಷಕ್ಕೆ ಮುಗಿಯಿತು. ಎರಡು ರಾತ್ರಿ ಸುಮ್ನೆ ಕೂತೆ. ಆಮೇಲೆ ಹಾಸನದ ಮಗಳು ಬರೆದ ‘ಹೇಳಿಕೊಳ್ಳುತ್ತೇವೆ, ಬರುತ್ತೇವೆ’ ಅನ್ನುವ ಮಾತು ದಾರಿ ತೋರಿಸಿತು. ಬಾಗಿಲು ತೆರೆದ ಆ ಕೆಲವು ದಿನ ಎಷ್ಟು ಜನ ಬಂದು ಪಿಸುಗುಟ್ಟಿ ಹೋಗುತ್ತಾರೆ! ಅದೆಲ್ಲ ಅವಳ ಕಿವಿಗೂ ಬೀಳುತ್ತದೆ. ಮಗುವಿನ ಜ್ವರ, ಜಮೀನಿನ ಕೋರ್ಟು, ಕುಡಿಯುವ ಗಂಡ. ತನ್ನದು ಮುಗಿದ ಮೇಲೆ ಅವಳ ಹತ್ತಿರ ಇರುವುದು ಇವರದ್ದೇ. ಅದನ್ನು ಕೊಟ್ಟು ಸರಿಯಬಹುದಾ? ಕೊಟ್ಟರೆ ಹೇಳಿಕೊಂಡವರ ಕಷ್ಟ ಹಗುರಾಗುತ್ತದಾ, ಅಥವಾ ಅವರೂ ಏನೋ ಕಳೆದುಕೊಳ್ಳುತ್ತಾರಾ? ಇದನ್ನು ಬರೆಯುತ್ತಾ ಹೋದಂತೆ ತಿಳಿಯಬೇಕು. ಭತ್ತದ ಕಾಳನ್ನೇ ಇಟ್ಟುಕೊಂಡಿದ್ದೇನೆ, ಅಜ್ಜಿ ಹೇಳಿದ್ದು ಅದು. ದೇವಿ ಒಂದು ಮಾತೂ ಆಡುವುದಿಲ್ಲ. ಕಲಿಯುಗದ ಕೊನೆಯವರೆಗೆ ನಾನು ಹೋಗುವುದಿಲ್ಲ. ಕಾದಂಬರಿ ಮುಗಿಯುವಾಗಲೂ ಅವಳಿಗೆ ಇನ್ನೂ ದಾರಿ ಇರುತ್ತದೆ.

ಟೀಚರ್, ನೀವು ಕೇಳಿದ್ದಕ್ಕೆ ನೆನಪು ಮಾಡಿಕೊಂಡೆ. ಅಜ್ಜಿ ಅತ್ತೆಯನ್ನು ಬೈಯುತ್ತಿರಲಿಲ್ಲ. ‘ಬಟ್ಟಲಿನಿಂದ ಕುಟ್ಟಿದಳು’ ಅನ್ನುವಾಗ ಧ್ವನಿ ಸಣ್ಣದಾಗುತ್ತಿತ್ತು, ಬೇಗ ದಾಟುತ್ತಿದ್ದರು. ಅಜ್ಜಿಗೂ ಮೂವರು ಸೊಸೆಯಂದಿರು. ನಮ್ಮಮ್ಮ ಕೊನೆಯವರು. ಅತ್ತೆಗೆ ಒಂದು ಅಧ್ಯಾಯ ಬರೆಯುತ್ತೇನೆ. ಸಾಲಿನಲ್ಲಿ ನಿಂತು ಬರುವವರಲ್ಲಿ ಅವಳೂ ಒಬ್ಬಳು, ವರ್ಷಾ ವರ್ಷ ಬರುತ್ತಾಳೆ, ಮಾತು ಬರುವುದಿಲ್ಲ, ಹಾಗೇ ಹೋಗುತ್ತಾಳೆ. ಇಷ್ಟು ಮಾತ್ರ ಗೊತ್ತಾಗಿದೆ.

ನಿನ್ನೆ ರಾತ್ರಿ ಮೊದಲ ಅಧ್ಯಾಯವನ್ನು ನಮ್ಮಮ್ಮನಿಗೆ ಓದಿ ಹೇಳಿದೆ. ಅವರು ಅವರೆಕಾಯಿ ಬಿಡಿಸುತ್ತಿದ್ದರು. ಹೀರೆ ಹೂವಿನ ಜಾಗಕ್ಕೆ ಬಂದಾಗ ಕೈ ನಿಂತಿತು. ಓದಿ ಮುಗಿಸಿದೆ. ದೇವರ ವಿಷಯ ಏನೂ ಹೇಳಲಿಲ್ಲ. ‘ಹಳದಿ ಅಂತ ಯಾರಾದರೂ ಆ ಹುಡುಗಿಗೆ ಹೇಳಬಾರದಾ?’ ಅಂದರು.

ಆರನೇ ಅಧ್ಯಾಯದಲ್ಲಿ ಅಪ್ಪನ ಹೆಗಲ ಮೇಲೆ ಕೂತು ಬಂದ ಒಂದು ಮಗು ಹೇಳುತ್ತದೆ. ಅದನ್ನು ಇವತ್ತು ಬರೆಯುತ್ತೇನೆ.

ನಿಮ್ಮಲ್ಲಿ ಹಾಸನ, ಅರಸೀಕೆರೆ, ಆಲೂರು ಕಡೆಯವರು ಯಾರಾದರೂ ಇದ್ದರೆ ಮನೆಯ ಹಿರಿಯರನ್ನು ಒಂದು ಸಲ ಕೇಳಿ. ಕಲ್ಲು ಯಾವ ಕಾಳಿನಷ್ಟು ಸರಿಯುತ್ತದೆ ಅನ್ನುತ್ತಾರೆ? ಮತ್ತೆ ಅಲ್ಲೇ ಕಳ್ಳಪ್ಪನ ಗುಡಿ ಇದೆಯಲ್ಲ, ಒಡವೆ ಕದಿಯಲು ಬಂದು ಕಲ್ಲಾದ ನಾಲ್ವರು. ಅವರ ಕಥೆಯನ್ನು ಯಾರಾದರೂ ಪೂರ್ತಿ ಕೇಳಿದ್ದರೆ ನಿಮ್ಮ ಮನೆಯಲ್ಲಿ ಹೇಳುವ ಹಾಗೇ ಇಲ್ಲಿ ಬರೆಯಿರಿ. ಅಷ್ಟು ವರ್ಷ ಕತ್ತಲಲ್ಲಿ ಇವಳಿಗೆ ನೆರೆಹೊರೆ ಅಂದರೆ ಅವರೇ.